ಸಂದು ನೋಡಿ

ಆ ಓಣಿಯಲ್ಲಿ ಅವನನ್ನು ಎಲ್ಲರೂ ಹಲ್ಲು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಾಗೆಂದು ಅವನು ಹಲ್ಲು ಕೀಳುವವನಲ್ಲ. ಯಾರ ಬಾಯಿಯೊಳಗೂ ಬೆರಳು ಹಾಕಿದವನಲ್ಲ. ಹಲ್ಲಿನ ಡಾಕ್ಟರು ರೋಗಿಯ ಬಾಯಿಂದ ಅಚ್ಚು ತೆಗೆದು, ಡಬ್ಬಿಯಲ್ಲಿಟ್ಟು, ಮೇಲೊಂದು ಚೀಟಿ ಅಂಟಿಸಿ ಕಳಿಸುತ್ತಿದ್ದರು. ಇವನು ಅದಕ್ಕೆ ಗಚ್ಚು ಸುರಿದು, ಮೇಣ ಕೂರಿಸಿ, ಗುಲಾಬಿ ಬಣ್ಣದ ವಸಡು ಮಾಡಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದ. ಚೀಟಿಯಲ್ಲಿ ಹೆಸರಿರುತ್ತಿರಲಿಲ್ಲ, ಒಂದು ನಂಬರು ಇರುತ್ತಿತ್ತು, ಅಷ್ಟೆ. ಹದಿನೈದು ವರ್ಷದಲ್ಲಿ ಎಷ್ಟೋ ಜನರ ನಗು ಅವನ ಮೇಜಿನ ಮೇಲೆ ತಯಾರಾಗಿತ್ತು. ನಕ್ಕವರ ಮುಖವನ್ನು ಮಾತ್ರ ಅವನು ಒಮ್ಮೆಯೂ ನೋಡಿರಲಿಲ್ಲ.

ಮನೆಯ ಹಿಂಬದಿಯ ಕೋಣೆಯೇ ಅವನ ಕಾರ್ಖಾನೆ. ಅರೆಯುವ ಯಂತ್ರದ ಕೀಚಲು ಸದ್ದು ತಡೆಯಲಾರದೆ ಅವನು ಕಿವಿಗೆ ಹೆಡ್‌ಫೋನ್ ಏರಿಸಿದ್ದು. ಆಮೇಲೆ ಅದೇ ಹುಚ್ಚಾಯಿತು. ಹೆಸರು ಮಾಡಿದವರ ಹಾಡು ಅವನಿಗೆ ಬೇಡ. ಮಲಗುವ ಕೋಣೆಯಲ್ಲೋ ಗೋದಾಮಿನಲ್ಲೋ ಕೂತು, ತಾವೇ ಬರೆದು ತಾವೇ ರಾಗ ಹಾಕಿ ಹಾಡಿ, ಹಿಂದೆ ಫ್ಯಾನಿನ ಗರಗರ ಸದ್ದಿದ್ದರೂ ಹಾಗೆಯೇ ಬಿಟ್ಟು ಹಂಚುವವರು ಬೇಕು. ಅಂಥವರನ್ನು ಹುಡುಕಿ ಹುಡುಕಿ ಕೇಳುತ್ತಿದ್ದ. ಭಾನುವಾರ ಸಂಜೆ ಎಲ್ಲಾದರೂ ಸಣ್ಣ ಕಾರ್ಯಕ್ರಮವಿದ್ದರೆ ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಅವನಿಗಿಂತ ಮೂವತ್ತು ವರ್ಷ ಚಿಕ್ಕವರ ನಡುವೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಣ್ಣು ಮುಚ್ಚಿಕೊಂಡು. ಯಾರದೋ ಅಪ್ಪ ಮಗಳನ್ನು ಕರೆದೊಯ್ಯಲು ಬಂದು ಅಲ್ಲೇ ನಿದ್ದೆ ಹೋಗಿದ್ದಾನೆ ಅಂತ ಜನ ತಿಳಿಯುತ್ತಿದ್ದರು.

ಅವನು ಕೇಳುವ ರೀತಿಯೂ ಅವನ ಕಸುಬಿನದೇ. ದನಿ ಕೇಳಿದರೆ ಅವನಿಗೆ ಬಾಯಿ ಕಾಣುತ್ತಿತ್ತು. ಕೋಣೆಯ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಹಾಡುಗಾರರ ಪಟ್ಟಿ ಬರೆದಿದ್ದ. ಪ್ರತಿ ಹೆಸರಿನ ಎದುರು ‘ಕೆಳದವಡೆ ಹಿಂದಿದೆ’, ‘ಅಂಗುಳ ಎತ್ತರ’ ಅಂತೇನಾದರೂ ಇರುತ್ತಿತ್ತು. ಒಮ್ಮೆ ಕಾರ್ಯಕ್ರಮ ಮುಗಿಸಿ ಇಳಿದು ಬಂದ ಗಾಯಕನೊಬ್ಬನಿಗೆ, “ತುಂಬಾ ಚೆನ್ನಾಗಿತ್ತಪ್ಪ, ಎಡಗಡೆ ದವಡೆ ಹಲ್ಲು ಹುಳುಕಾಗಿದೆ, ಬೇಗ ತೋರಿಸ್ಕೋ” ಅಂದುಬಿಟ್ಟಿದ್ದ. ಆ ಗಾಯಕ ದವಡೆ ಹಿಡಿದುಕೊಂಡು ಬೆಪ್ಪಾಗಿ ನಿಂತ. ಹುಳುಕು ಅಲ್ಲೇ ಇತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವನಿಗೆ ‘ಮಹಡಿ ಮೆಟ್ಟಿಲು’ ಎಂಬ ತಂಡ ಸಿಕ್ಕಿತು. ಮೂರೇ ಜನ. ಹಾಡು ಬರೆದು ಹಾಡುವ ಹುಡುಗಿ, ಗಿಟಾರಿನವನು, ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಬಡಿಯುವ ಇನ್ನೊಬ್ಬ. ದನಿ ಗುಂಯ್ ಎನ್ನಲಿ ಅಂತ ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಕೂತು ರೆಕಾರ್ಡ್ ಮಾಡಿದ್ದರಂತೆ, ಅದಕ್ಕೇ ಆ ಹೆಸರು. ‘ಸಂಜೆ ಸರಿದರೆ ಸಾಕು, ಸದ್ದು ಮಾಡದೆ ಬಾ’ ಅಂತ ಅವಳು ಶುರು ಮಾಡಿದಳು. ಮೇಸ್ತ್ರಿ ಯಂತ್ರ ನಿಲ್ಲಿಸಿದ. ಆ ಒಂದೊಂದು ‘ಸ’ದ ತುದಿಯಲ್ಲೂ ಸಣ್ಣದೊಂದು ಗಾಳಿ, ಸಿಳ್ಳೆಯೂ ಅಲ್ಲದ ಉಸಿರೂ ಅಲ್ಲದ ಒಂದು ಎಳೆ. ಹೇಳಬೇಕಾದ್ದನ್ನು ಪೂರ್ತಿ ಹೇಳಲಾಗದೆ ತಡೆದು ನಿಂತವರ ಹಾಗಿತ್ತು ಅದು. ಅವನ ಕಣ್ಣು ತುಂಬಿ ಬಂತು. ಎದ್ದು ಅಡುಗೆಮನೆಗೆ ಹೋಗಿ ಹೆಂಡತಿಯ ಕಿವಿಗೆ ಹೆಡ್‌ಫೋನ್ ಇಟ್ಟ.

“ಕೇಳು. ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿದೆ ಇವಳಿಗೆ. ಅಕ್ಕಿ ಕಾಳು ನಿಲ್ಲುವಷ್ಟು. ಹುಟ್ಟಿನಿಂದ ಬಂದದ್ದು.”

ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ಬಂದು ಆಗಷ್ಟೇ ಕಾಲು ಚಾಚಿದ್ದಳು. “ರೀ, ಹಾಡು ಕೇಳೋರು ಹಾಡು ಕೇಳ್ತಾರೆ. ನೀವು ಹಲ್ಲು ಎಣಿಸ್ತೀರಾ,” ಅಂದಳು. ಆದರೂ ಹಾಡು ಮುಗಿಯುವವರೆಗೆ ಹೆಡ್‌ಫೋನ್ ತೆಗೆಯಲಿಲ್ಲ. ಅಂದಿನಿಂದ ಆ ಹುಡುಗಿಗೆ ಆ ಮನೆಯಲ್ಲಿ ‘ಸಿಳ್ಳೆಯಮ್ಮ’ ಅಂತ ಹೆಸರಾಯಿತು.

ಎರಡು ವರ್ಷದಲ್ಲಿ ಸಿಳ್ಳೆಯಮ್ಮನ ಏಳು ರೆಕಾರ್ಡಿಂಗ್ ಅವನ ಹತ್ತಿರ ಸೇರಿದವು. ಒಮ್ಮೆ ಒಂದು ಹಳೇ ಗೋದಾಮಿನಲ್ಲಿ ನಡೆದ ಕಾರ್ಯಕ್ರಮದಲ್ಲಿ ಅವಳನ್ನು ಎದುರಿಗೇ ಕೇಳಿದ. ಮೂರನೇ ಕಂಬಕ್ಕೆ ಒರಗಿ, ಎಂದಿನಂತೆ ಕಣ್ಣು ಮುಚ್ಚಿ. ಬಂದವರು ನಲವತ್ತು ಜನ ಇದ್ದಿರಬಹುದು. ಈ ದನಿ ಮೊದಲು ಕೇಳಿದವರಲ್ಲಿ ನಾನೂ ಒಬ್ಬ ಅನ್ನುವ ಹೆಮ್ಮೆ ಅವನಿಗೆ ಹೊಟ್ಟೆ ತುಂಬಿದಷ್ಟಿತ್ತು. ಅವಳ ಮುಖ ಹೇಗಿದೆ ಅಂತ ಆಮೇಲೆ ಹೆಂಡತಿ ಕೇಳಿದರೆ, ನೋಡಲೇ ಇಲ್ಲವಲ್ಲ ಅಂದ.

ಅದಾಗಿ ಕೆಲವು ತಿಂಗಳಿಗೆ ಡಾಕ್ಟರಿಂದ ಒಂದು ಡಬ್ಬಿ ಬಂತು. ಮೇಲ್ದವಡೆಯ ಮುಂದಿನ ಎರಡು ಹಲ್ಲು ಇಲ್ಲ, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಪ್ಲೇಟ್ ಬೇಕು, ನಂಬರು ಇಷ್ಟು, ಬಣ್ಣ ಇಂಥದು. ಕೆಳಗೆ ಡಾಕ್ಟರ ಕೋಳಿಕಾಲಿನ ಅಕ್ಷರದಲ್ಲಿ ಎರಡು ಮಾತು: ಸಂದು ನೋಡಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಕಥೆಯೆಲ್ಲ ಇರುವುದು ಇಲ್ಲೇ. ಡಾಕ್ಟರಿಗೂ ಮೇಸ್ತ್ರಿಗೂ ನಡುವೆ ಹದಿನೈದು ವರ್ಷದಲ್ಲಿ ಬೆಳೆದ ಒಂದು ಚೀಟಿ ಭಾಷೆಯಿತ್ತು. ‘ಕಚ್ಚು ನೋಡಿ’ ಅಂದರೆ ಮೇಲಿನ ಹಲ್ಲು ಕೆಳಗಿನದಕ್ಕೆ ಬಡಿಯಬಾರದು. ‘ಅಂಚು ನೋಡಿ’ ಅಂದರೆ ವಸಡಿಗೆ ಚುಚ್ಚಬಾರದು. ‘ಸಂದು ನೋಡಿ’ ಅಂದರೆ ಹಲ್ಲಿನ ನಡುವೆ ಸಂದು ಉಳಿಯಬಾರದು, ತಿಂದದ್ದು ಸಿಕ್ಕಿಕೊಳ್ಳುತ್ತದೆ ಅಂತ ರೋಗಿ ಬಂದು ಪ್ರಾಣ ತಿನ್ನುತ್ತಾನೆ. ನೂರಾರು ಚೀಟಿಯಲ್ಲಿ ಅದು ಅದೇ ಅರ್ಥದಲ್ಲಿ ಬಂದಿತ್ತು.

ಮೇಸ್ತ್ರಿ ಅಚ್ಚು ನೋಡಿದ. ಜಾಗ ಎರಡು ಹಲ್ಲಿಗೆ ಬೇಕಾದ್ದಕ್ಕಿಂತ ಕೊಂಚ ಜಾಸ್ತಿ ಇತ್ತು. ಕೊಂಚ ಅಗಲದ ಹಲ್ಲು ಆರಿಸಿ, ಒಂದಕ್ಕೊಂದು ಕೂದಲೆಳೆ ತೂರದ ಹಾಗೆ ಕೂರಿಸಿದ. ಪ್ಲೇಟನ್ನು ವೀಳ್ಯದೆಲೆಯಷ್ಟು ತೆಳುವಾಗಿ ಉಜ್ಜಿದ. ಇಷ್ಟು ಚೆಂದದ ಕೆಲಸ ಈ ವರ್ಷ ಮಾಡಿರಲಿಲ್ಲ ಅಂತ ಅವನಿಗೇ ಅನಿಸಿತು. ಆ ಮೂರು ದಿನವೂ ಅವನ ಕಿವಿಯಲ್ಲಿದ್ದದ್ದು ಸಿಳ್ಳೆಯಮ್ಮನ ಹಾಡು.

ಮುಂದೆ ಎರಡು ತಿಂಗಳ ಮೇಲೆ ಅದೇ ಗೋದಾಮಿನಲ್ಲಿ ಮಹಡಿ ಮೆಟ್ಟಿಲಿನ ಕಾರ್ಯಕ್ರಮವಾಯಿತು. ಈ ಸಲ ಹೆಂಡತಿಯೂ ಬಂದಳು. ನೂರಕ್ಕೂ ಹೆಚ್ಚು ಜನ. ಮಾರನೇ ತಿಂಗಳು ತಂಡ ಮೊದಲ ಬಾರಿಗೆ ದೊಡ್ಡ ಸ್ಟುಡಿಯೋದಲ್ಲಿ ಹತ್ತು ಹಾಡು ರೆಕಾರ್ಡ್ ಮಾಡುವುದಿದೆ ಅಂತ ಗಿಟಾರಿನವನು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮೂರನೇ ಕಂಬ ಹಿಡಿದು ಕಣ್ಣು ಮುಚ್ಚಿದ.

‘ಸಂಜೆ ಸರಿದರೆ ಸಾಕು...’

ಮೇಸ್ತ್ರಿ ಕಣ್ಣು ಬಿಟ್ಟ. ಗಾಳಿ ಇರಲಿಲ್ಲ. ಸ ಅಂದರೆ ಬರೀ ಸ, ಶಾಲೆಯ ಮೇಷ್ಟ್ರು ಕಲಿಸಿದ ಹಾಗೆ ಸ್ವಚ್ಛವಾದ ಸ. ಹಾಡು ಅದೇ, ರಾಗ ಅದೇ, ಒಳಗಿದ್ದವಳು ಮಾತ್ರ ಎದ್ದು ಹೋಗಿದ್ದಳು. ಅವಳಿಗೂ ಅದು ಗೊತ್ತಾಗುತ್ತಿತ್ತು. ಪ್ರತಿ ‘ಸ’ ಬಂದಾಗ ಅವಳ ತುಟಿ ಬಿಗಿಯಾಗುವುದನ್ನು ಅವನು ಕಂಡ. ಮೂರನೇ ಹಾಡಿನ ನಡುವೆ ಅವಳು ನಿಲ್ಲಿಸಿಯೇಬಿಟ್ಟಳು. “ಕ್ಷಮಿಸಿ, ನನಗಾಗ್ತಿಲ್ಲ,” ಅಂದು, ಅಳು ತಡೆಯಲು ಹಲ್ಲು ಬಿಗಿದಳು. ಆಗ ಬೆಳಕು ಅವಳ ಬಾಯಿಯ ಮೇಲೆ ಬಿತ್ತು.

ತಾಯಿ ತನ್ನ ಕೂಸನ್ನು ನೂರು ಕೂಸುಗಳ ನಡುವೆ ಗುರುತಿಸುತ್ತಾಳೆ. ಮೇಸ್ತ್ರಿ ತನ್ನ ಎರಡು ಹಲ್ಲನ್ನು ಗುರುತಿಸಿದ.

ಮನೆಗೆ ಬಂದವನೇ ಹಳೇ ಡಬ್ಬಿಗಳ ರಾಶಿ ಕೆಡವಿದ. ಆ ಡಬ್ಬಿಯ ತಳದಲ್ಲಿ, ಅಚ್ಚಿಗೆ ಒತ್ತಾಗಿ ಇಟ್ಟಿದ್ದ ಹತ್ತಿಯ ಕೆಳಗೆ, ಒಂದು ಫೋಟೋ ಇತ್ತು. ಅವಳು ಬಾಯಿ ತುಂಬಾ ನಗುತ್ತಿದ್ದಳು. ಮುಂದಿನ ಎರಡು ಹಲ್ಲಿನ ನಡುವೆ ಅಕ್ಕಿ ಕಾಳು ನಿಲ್ಲುವಷ್ಟು ಸಂದು.

ಬೆಳಿಗ್ಗೆ ಡಾಕ್ಟರ ಬಾಗಿಲು ತೆರೆಯುವ ಮೊದಲೇ ಅವನು ಅಲ್ಲಿದ್ದ. ಡಾಕ್ಟರು ಫೋಟೋ ನೋಡಿ ಹಣೆ ಉಜ್ಜಿಕೊಂಡರು.

“ಮೈಕು ಸ್ಟ್ಯಾಂಡು ಮುಖಕ್ಕೆ ಬಿದ್ದು ಹಲ್ಲು ಮುರ್ಕೊಂಡು ಬಂದಿದ್ಲು. ಸಂದು ಇದ್ದ ಹಾಗೇ ಬೇಕು ಅಂತ ಫೋಟೋ ಕೊಟ್ಟಿದ್ಲು. ಸಂದು ನೋಡಿ ಅಂತ ಬರೆದಿದ್ನಲ್ಲ ಮೇಸ್ತ್ರಿ!”

“ನೋಡ್ದೆ ಡಾಕ್ಟ್ರೇ. ನೋಡಿ ಮುಚ್ಚಿದೆ.”

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರೇನೋ.

“ಅವಳಿಗೆ ಗೊತ್ತಾ?” ಅಂತ ಮೇಸ್ತ್ರಿ ಕೇಳಿದ.

“ಹಾಕಿದ ದಿನ ಕನ್ನಡಿ ನೋಡಿ ಸಂದು ಎಲ್ಲಿ ಅಂದ್ಲು. ಇದು ಇನ್ನೂ ಗಟ್ಟಿ, ನೋಡೋಕೂ ಲಕ್ಷಣ ಅಂದೆ. ಅವರಮ್ಮನೂ ಹೌದೌದು ಅಂದ್ರು. ಆಮೇಲೆ ದನಿ ಹೋಯ್ತು ಅಂತ ಎರಡು ಸಲ ಬಂದ್ಲು. ಹಲ್ಲಿಗೂ ದನಿಗೂ ಏನಮ್ಮ ಸಂಬಂಧ, ಬಿದ್ದ ಗಾಬರಿ ಇನ್ನೂ ಹೋಗಿಲ್ಲ, ಎಲ್ಲಾ ಮನಸ್ಸಿನ ಭ್ರಮೆ ಅಂತ ಕಳಿಸ್ದೆ.” ಡಾಕ್ಟರು ದನಿ ತಗ್ಗಿಸಿದರು. “ಈಗ ಹೋಗಿ ನಮ್ಮ ತಪ್ಪು ಅಂದ್ರೆ ಏನಾಗುತ್ತೆ ಹೇಳಿ. ಅಭ್ಯಾಸ ಆಗುತ್ತೆ ಬಿಡಿ. ನೀವು ಬಾಯಿ ಮುಚ್ಕೊಂಡಿರಿ.”

ಮೇಸ್ತ್ರಿ ಬಾಯಿ ಮುಚ್ಚಿಕೊಂಡೇ ಮನೆಗೆ ಬಂದ. ಒಂದು ವಾರ ಹೆಂಡತಿಯ ಹೊರತು ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಡಾಕ್ಟರ ಡಬ್ಬಿ ನಿಂತರೆ ಕೈಗೆ ಕೆಲಸವಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ತನ್ನನ್ನು ನೋಡುವ ನೋಟ ಹೇಗಿರಬಹುದೆಂದು ನೆನೆದರೇ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಹಾಡು ಹಾಕಿದರೆ ಹಳೇ ‘ಸ’ ಕಿವಿಗೆ ಚುಚ್ಚುತ್ತಿತ್ತು. ಹಾಕದಿದ್ದರೆ ಯಂತ್ರ ಕೀಚಲು ದನಿಯಲ್ಲಿ ಬೈಯುತ್ತಿತ್ತು. ವಾರದ ಕೊನೆಗೆ, ಮಹಡಿ ಮೆಟ್ಟಿಲಿನ ರೆಕಾರ್ಡಿಂಗ್ ರದ್ದಾಗಿದೆ, ಅವಳು ಹಾಡುವುದನ್ನೇ ಬಿಟ್ಟಿದ್ದಾಳೆ ಅಂತ ಸುದ್ದಿ ಬಂತು.

ಹೆಂಡತಿಗೆ ಅವನು ಆಗಲೇ ಎಲ್ಲ ಹೇಳಿಕೊಂಡಿದ್ದ. ಅವಳು ತಟ್ಟೆ ಸರಿಸಿ, “ಇಷ್ಟು ದಿನ ಅವಳ ಬಾಯಲ್ಲಿ ಏನಿದೆ ಅಂತ ಊರಿಗೆಲ್ಲ ಹೇಳಿದ್ರಿ. ಈಗ ಅವಳಿಗೊಬ್ಬಳಿಗೆ ಹೇಳೋಕೆ ಏನು ದಾಡಿ?” ಅಂದಳು.

ಆ ಹುಡುಗಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವುದು ಅವಳದೇ ಒಂದು ಹಾಡಿನಲ್ಲಿತ್ತು. ಯಾವ ಅಂಗಡಿ ಅಂತ ಪೆಟ್ಟಿಗೆ ಬಡಿಯುವವನನ್ನು ಕೇಳಿ ತಿಳಿದುಕೊಂಡ. ಸಾಲಿನಲ್ಲಿ ಆರು ಜನರ ಹಿಂದೆ ನಿಂತ. ಹೇಳಬೇಕಾದ ಮಾತನ್ನು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಸರದಿ ಬಂದಾಗ ಸುಮ್ಮನೆ ಚೀಟಿಯನ್ನೂ ಫೋಟೋವನ್ನೂ ಮುಂದಿಟ್ಟ.

“ಎಷ್ಟು ಕಾಪಿ?” ಅಂದಳು ಅವಳು, ತಲೆ ಎತ್ತದೆ. ಗಾಜಿನ ಮೇಲೆ ಮಗುಚಿ ಹಾಕಲು ಹೋದವಳು ಫೋಟೋ ನೋಡಿದಳು. ಅವಳ ಕೈ ನಿಂತಿತು.

“ಇದು ನಿಮ್ಮ ಹತ್ರ ಹೇಗೆ ಬಂತು?”

“ಆ ಹಲ್ಲು ಮಾಡಿದವನು ನಾನಮ್ಮ. ಸಂದು ಮುಚ್ಚಿದ್ದು ನಾನು. ಚೀಟಿ ತಪ್ಪಾಗಿ ಓದಿದೆ. ಫೋಟೋ ನೋಡಲಿಲ್ಲ. ನಿಮ್ಮ ದನಿ ಹೋಗಿದ್ದು ಭ್ರಮೆ ಅಲ್ಲ. ನಾನು ತೆಗೆದದ್ದು.”

ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅವಳು ಕೌಂಟರು ಬಿಟ್ಟು ಈಚೆ ಬಂದಳು. ಹೊಡೆಯುತ್ತಾಳೆ ಅಂತಲೇ ಮೇಸ್ತ್ರಿ ತಿಳಿದ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಎರಡು ತಿಂಗಳಿಂದ ನನ್ನನ್ನ ನಾನೇ ಬೈಕೊಳ್ತಾ ಇದ್ದೆ,” ಅಂದಳು. “ಡಾಕ್ಟ್ರು ಭ್ರಮೆ ಅಂದ್ರು. ಗಿಟಾರ್‌ನವನು ಏನೂ ಬದಲಾಗಿಲ್ಲ ಅಂದ. ಅಮ್ಮ, ಈಗಲೇ ಲಕ್ಷಣವಾಗಿ ಕಾಣ್ತೀಯ ಕಣೇ ಅಂದ್ರು. ನನಗೆ ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ, ಗೊತ್ತಾ ನಿಮಗೆ?”

“ಇನ್ನೊಂದು ಮಾಡ್ಕೊಡ್ತೀನಿ. ಅಚ್ಚು ನನ್ನ ಹತ್ರಾನೇ ಇದೆ. ಭಾನುವಾರ ಮನೆಗೆ ಬನ್ನಿ. ನನ್ನ ಹೆಂಡ್ತಿ ಇರ್ತಾಳೆ.”

ಅವಳು ಮತ್ತೆ ಕೌಂಟರಿನ ಹಿಂದೆ ಹೋದಳು. ಫೋಟೋ ಇಟ್ಟುಕೊಂಡು ಚೀಟಿ ಮಾತ್ರ ವಾಪಸು ಕೊಟ್ಟಳು. ಅದರ ಹಿಂದೆ ಮನೆ ವಿಳಾಸ ಬರೆಯಲು ಹೇಳಿದಾಗ ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ, ಹೇಳಿದ್ದೇನೆ ಅಂದ. ಡಾಕ್ಟರು ಫೋನು ಇಟ್ಟರು. ಆ ವಾರ ಡಬ್ಬಿ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಬಂದು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಗೋಡೆಯ ಮೇಲಿನ ಪಟ್ಟಿ ಓದಿದಳು. ಅವಳ ತಂಡದ ಹೆಸರಿನ ಎದುರು ‘ಸಂದು. ಮುಟ್ಟಬಾರದು’ ಅಂತ ಎರಡು ವರ್ಷದ ಹಿಂದೆಯೇ ಬರೆದಿತ್ತು. ಅದನ್ನು ಓದಿ ಅವಳು ಅವನ ಕಡೆ ನೋಡಿದಳು. ಮೇಸ್ತ್ರಿ ನೆಲ ನೋಡಿದ.

ಹೊಸ ಪ್ಲೇಟಿನಲ್ಲಿ ಸಂದನ್ನು ಬೇಕೆಂದೇ ಕಿರಿದಾಗಿ ಬಿಟ್ಟಿದ್ದ. ಅವಳು ಹಾಕಿಕೊಂಡು ಒಂದು ಸಾಲು ಹಾಡುವುದು, ತೆಗೆದು ಅವನ ಕೈಗೆ ಕೊಡುವುದು, ಅವನು ಅರದಲ್ಲಿ ಒಂದೆಳೆ ತೆಗೆದು ತೊಳೆದು ಕೊಡುವುದು, ಅವಳು ಮತ್ತೆ ಹಾಡುವುದು. ಅವನ ಒಂದು ಕಿವಿಯಲ್ಲಿ ಹಳೇ ರೆಕಾರ್ಡಿಂಗ್, ಇನ್ನೊಂದು ಕಿವಿಯಲ್ಲಿ ಅವಳು. ಹದಿನಾಲ್ಕನೇ ಸಲ ‘ಸದ್ದು ಮಾಡದೆ ಬಾ’ ಅನ್ನುವಾಗ ‘ಸ’ದ ತುದಿಯಲ್ಲಿ ಗಾಳಿ ಎದ್ದಿತು.

“ಬಂತು!” ಅವಳು ಸ್ಟೂಲಿನಿಂದ ಎದ್ದೇಬಿಟ್ಟಳು. ಮತ್ತೆ ಹಾಡಿದಳು. ಮತ್ತೆ ಬಂತು. ಅವಳ ಮುಖ ಅರಳಿತು. “ಅದೇ ಅಲ್ವಾ? ನನಗೆ ಒಳಗಿಂದ ಮರೆತೇ ಹೋಗಿದೆ. ನೀವು ನನಗಿಂತ ಹೆಚ್ಚು ಕೇಳಿದೀರಿ. ಅದೇ ತಾನೇ?”

ಅದಲ್ಲ. ಹತ್ತಿರದ್ದು, ತೀರಾ ಹತ್ತಿರದ್ದು. ಹಳೆಯದು ಹೇಳಲಾಗದೆ ತಡೆದು ನಿಂತಿದ್ದರೆ, ಇದು ಹೇಳಿ ಮುಗಿಸಿ ಬಾಗಿಲು ಹಾಕಿದ ಹಾಗಿತ್ತು. ಜಗತ್ತಿನಲ್ಲಿ ಆ ವ್ಯತ್ಯಾಸ ಗೊತ್ತಿದ್ದವನು ಅವನೊಬ್ಬನೇ. ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಹೂಂ ಅನ್ನಿ, ಹೂಂ ಅನ್ನಿ ಅಂತ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಳು.

“ಅಲ್ಲಮ್ಮ,” ಅಂದ ಮೇಸ್ತ್ರಿ. “ಹತ್ರ ಬಂದಿದೆ. ಅದೇ ಅಲ್ಲ.”

ಅವಳು ಮೆಲ್ಲಗೆ ಕೂತಳು. “ಇನ್ನೂ ಅರೆದ್ರೆ?”

“ದೂರ ಹೋಗುತ್ತೆ. ಬೇರೆ ಹಲ್ಲು ಕೂರಿಸಿ ಮೊದಲಿಂದ ಮಾಡ್ಬಹುದು. ಹತ್ತು ಸಲ ಬೇಕಾದ್ರೂ ಮಾಡ್ತೀನಿ. ಆದ್ರೆ ಅದೇ ಬರುತ್ತೆ ಅಂದ್ರೆ ಸುಳ್ಳಾಗುತ್ತೆ. ಅದು ನಿಮ್ಮ ಹಲ್ಲಿನಲ್ಲಿತ್ತು. ನನ್ನ ಹಲ್ಲಲ್ಲಿ ಇಲ್ಲ.”

ಅವಳು ಅತ್ತಳು, ಮುಖ ಮುಚ್ಚಿಕೊಳ್ಳದೆ, ಚಿಕ್ಕ ಮಕ್ಕಳ ಹಾಗೆ. ಹೆಂಡತಿ ಟೀ ಕೆಳಗಿಟ್ಟು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು, ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಬಹಳ ಹೊತ್ತಾದ ಮೇಲೆ ಹುಡುಗಿ ಮೂಗು ಒರೆಸಿಕೊಂಡಳು.

“ಎಲ್ರೂ ಸರಿಯಾಗಿದೆ ಸರಿಯಾಗಿದೆ ಅಂದ್ರು. ಹೋಗಿದೆ ಅಂತ ಒಪ್ಕೊಂಡವರು ನೀವೊಬ್ರೇ,” ಅಂದಳು. “ನನಗೆ ಅಳೋಕೂ ಬಿಟ್ಟಿರ್ಲಿಲ್ಲ ಇವರೆಲ್ಲ.”

ಆಮೇಲೆ ಅವಳು ಹೊಸ ಹಲ್ಲಿನಲ್ಲಿಯೇ ಇಡೀ ಹಾಡು ಹಾಡಿದಳು, ಮೊದಲಿನಿಂದ ಕೊನೆಯವರೆಗೆ, ಎಲ್ಲಿಯೂ ನಿಲ್ಲದೆ. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತಳು.

“ನನ್ನ ಹಳೇ ರೆಕಾರ್ಡಿಂಗ್ ಎಷ್ಟಿವೆ ನಿಮ್ಮ ಹತ್ರ?”

“ಏಳು.”

“ಇನ್ಮೇಲೆ ಅವನ್ನ ಕೇಳ್ಬೇಡಿ. ಅವಳನ್ನ ಕೇಳ್ತಾ ಇದ್ರೆ ನಿಮಗೆ ನನ್ನನ್ನ ಕೇಳೋಕಾಗಲ್ಲ.”

ಬೇರೆ ಯಾವ ಶಿಕ್ಷೆಯನ್ನಾದರೂ ಅವನು ನಗುನಗುತ್ತಾ ಒಪ್ಪಿಕೊಳ್ಳುತ್ತಿದ್ದ. ಅವಳು ಹೋದ ಮೇಲೆ ಏಳನ್ನೂ ಒಂದೊಂದಾಗಿ ಅಳಿಸಿದ. ಕೊನೆಯದನ್ನು ಅಳಿಸುವ ಮೊದಲು ಒಮ್ಮೆ ಕೇಳೋಣ ಅನಿಸಿತು. ಕೇಳಲಿಲ್ಲ.

ಡಾಕ್ಟರ ಡಬ್ಬಿ ಮೂರು ತಿಂಗಳ ನಂತರ ಬಂತು. ಚೀಟಿಯಲ್ಲಿ ‘ಸಂದು ಮುಚ್ಚಿ’ ಅಂತ ಬಿಡಿಸಿ ಬರೆದಿತ್ತು. ಅಷ್ಟು ಹೊತ್ತಿಗೆ ಮಹಡಿ ಮೆಟ್ಟಿಲಿನ ಹತ್ತು ಹಾಡು ಹೊರಬಂದಿದ್ದವು. ಅದೇ ಗೋದಾಮಿನಲ್ಲಿ ಕಾರ್ಯಕ್ರಮವಿತ್ತು, ಮೇಸ್ತ್ರಿ ಮೂರನೇ ಕಂಬದ ಹತ್ತಿರ ನಿಂತ. ಈ ಸಲ ಕಣ್ಣು ಮುಚ್ಚಲಿಲ್ಲ. ಅವಳು ನಗುತ್ತಾ ಬಂದಳು, ಹಾಡಿದಳು, ಜನ ಉಸಿರು ಬಿಗಿಹಿಡಿದು ಕೇಳಿದರು. ಅವನು ಹೊಸ ‘ಸ’ವನ್ನು ಕೇಳಲು ಪ್ರಯತ್ನಪಟ್ಟ. ಅಳಿಸಿದ್ದೆಲ್ಲ ಅದರ ಹಿಂದೆಯೇ ಕೇಳುತ್ತಿತ್ತು.

ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು, ಇವರನ್ನು ಮೊದಲ ಸಲ ಕೇಳುತ್ತಿದ್ದವಳಿರಬೇಕು, ಕಣ್ಣೊರೆಸಿಕೊಂಡು ಅವನ ಕಡೆ ಬಾಗಿದಳು.

“ಆ ಸ ಅನ್ನೋದನ್ನ ಕೇಳಿದ್ರಾ? ಹಲ್ಲಿನ ಮಧ್ಯೆ ಸಂದಿದೆ ನೋಡಿ, ಅದಕ್ಕೇ ಹಾಗೆ. ಹುಟ್ಟಿನಿಂದ ಬಂದದ್ದಿರಬೇಕು, ಅಲ್ವಾ?”

ವೇದಿಕೆಯ ಮೇಲೆ ಅವಳು ಮುಂದಿನ ಸಾಲಿಗೆ ಬಾಯಿ ತೆರೆಯುತ್ತಿದ್ದಳು.

“ಹೌದಮ್ಮ,” ಅಂದ. “ಹುಟ್ಟಿನಿಂದ ಬಂದದ್ದು.”